ದೊರೆಯ ಬಂಗಲೆಯಲ್ಲಿ ಬಿಸಿಲಿರುವ ಕಡೆ

ನೈರೋಬಿಯ ಲೊರೆಶೋ ಬಡಾವಣೆಯಲ್ಲಿ ನಾವು ಬಾಡಿಗೆಗಿರುವುದು ಇಂಗ್ಲೆಂಡಿನ ಹಳ್ಳಿಬಂಗಲೆಯೊಂದರ ಪಡಿಯಚ್ಚಿನಲ್ಲಿ. ಯಾವನೋ ಬಿಳಿಯ ದೊರೆ ತನ್ನ ತಾತನ ಬಂಗಲೆಯ ನಕ್ಷೆಯನ್ನು ಹಡಗಿನಲ್ಲಿ ತಂದು ಕಟ್ಟಿಸಿದನಂತೆ. ಎತ್ತರದ ಚಿಮಣಿಗಳು, ಬಿಳಿ ಗೋಡೆಯ ಮೇಲೆ ಅಡ್ಡಾದಿಡ್ಡಿ ಕಪ್ಪು ಮರದ ಪಟ್ಟಿಗಳು. ಆ ಪಟ್ಟಿಗಳು ಏನನ್ನೂ ಹೊತ್ತಿಲ್ಲ, ಬರೀ ಶೋಕಿಗೆ ಬಡಿದದ್ದು. ಕಾಲೇಜಿನಲ್ಲಿ ವಾಸ್ತುಶಿಲ್ಪ ಕಲಿಸುವ ನನ್ನ ಗಂಡ ಕಂಡ ದಿನವೇ ಮರುಳಾದರು. ಅಡುಗೆಮನೆ ಎಲ್ಲಿ ಅಂತ ನಾನು ಕೇಳಿದ್ದು ಅವರ ಕಿವಿಗೇ ಬೀಳಲಿಲ್ಲ. ಅದಿರುವುದು ಹಿಂದೆ, ಮನೆಯೊಳಗಿನ ಉದ್ದನೆಯ ಓಣಿಯ ಆಚೆ, ಆಳಿನ ಕೋಣೆಯ ಪಕ್ಕ. ದೊರೆಗೆ ಊಟ ಬೇಕಿತ್ತು, ಅಡುಗೆ ಮಾಡುವವರ ಮುಖ ಬೇಡವಾಗಿತ್ತು. ನನ್ನ ದೋಸೆ ಮುಂದಿನ ಹಾಲ್ ತಲುಪುವಷ್ಟರಲ್ಲಿ ತಣ್ಣಗಾಗಿ ರಟ್ಟಾಗಿರುತ್ತದೆ.

ಆ ಹಾಲಿನ ಕಥೆ ಇನ್ನೂ ಚೆಂದ. ಇಂಗ್ಲೆಂಡಿನಲ್ಲಿ ಬಿಸಿಲು ದಕ್ಷಿಣದಿಂದ ಬರುತ್ತದೆ, ಅದಕ್ಕೇ ತಾತ ದೊಡ್ಡ ಕಿಟಕಿಗಳನ್ನು ದಕ್ಷಿಣಕ್ಕೆ ಇಟ್ಟ. ಮೊಮ್ಮಗ ಸಮಭಾಜಕ ವೃತ್ತ ದಾಟಿ ಬಂದೂ ದಕ್ಷಿಣಕ್ಕೇ ಇಟ್ಟ. ನೈರೋಬಿಯಲ್ಲಿ ಚಳಿ ಕಚ್ಚುವ ಜುಲೈನಲ್ಲಿ ಸೂರ್ಯನಿರುವುದು ಉತ್ತರಕ್ಕೆ! ಹೀಗಾಗಿ ದೊರೆ ಹಾಲಿನಲ್ಲಿ ನಡುಗಿದ, ಬಿಸಿಲೆಲ್ಲ ಹಿಂದಿನ ಆಳಿನ ಕೋಣೆಗೆ ಸಿಕ್ಕಿತು. ಇದನ್ನು ಹೇಳಿದರೆ ನನ್ನ ಗಂಡ, "ಅದೇ ಕಣೆ ಈ ಮನೆ ಒರಿಜಿನಾಲಿಟಿ" ಅನ್ನುತ್ತಾರೆ.

ಹೋದ ಜುಲೈನಲ್ಲಿ ಅಮ್ಮ ನಮ್ಮಲ್ಲಿಗೆ ಬಂದಳು. ಇದೇ ಊರಿನ ನ್ಗಾರಾದಲ್ಲಿ ಹುಟ್ಟಿ ಬೆಳೆದು, ಅಲ್ಲೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು. ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿ ಆಗಷ್ಟೇ ಹೊರಬಂದಿದ್ದಳು. ಥಂಡಿ, ಹೊಗೆ ಎರಡೂ ಕೂಡದು, ಇನ್ನೊಮ್ಮೆ ಹೀಗಾದರೆ ಕಷ್ಟ ಎಂದಿದ್ದರು ಡಾಕ್ಟರು. ನಮ್ಮ ಹಾಲಿನ ಅಗ್ಗಿಷ್ಟಿಕೆ ಹೊಗೆಯನ್ನು ಚಿಮಣಿಗೆ ಕಳಿಸುವುದಕ್ಕಿಂತ ನಮ್ಮ ಮುಖಕ್ಕೆ ಊದುವುದೇ ಹೆಚ್ಚು. ಅಮ್ಮ ಕೆಮ್ಮಿ ಕೆಮ್ಮಿ ನೀಲಿಯಾದಳು. ಅವಳ ಮಂಚವನ್ನು ಹಿಂದಿನ ಕೋಣೆಗೆ ಎಳೆಯತೊಡಗಿದೆ.

"ಅತ್ತೇನ ಸರ್ವೆಂಟ್ ರೂಮಲ್ಲಿ ಮಲಗಿಸ್ತೀಯಾ? ಶನಿವಾರ ಹೆರಿಟೇಜ್ ಗ್ರೂಪಿನೋರು ಮನೆ ನೋಡೋಕೆ ಬರ್ತಾರೆ ಕಣೆ, ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಲಿ ರೀ. ಉಸಿರಾಡ್ಬೇಕಾಗಿರೋದು ನಮ್ಮಮ್ಮ!"

ಶನಿವಾರ ಆ ಹಳೇ ಕಟ್ಟಡಗಳ ಅಭಿಮಾನಿಗಳು ಬಂದರು. ಹಾಲಿನಲ್ಲಿ ಕೋಟಿನ ಗುಂಡಿ ಹಾಕಿಕೊಂಡು ನಿಂತು ನನ್ನ ಗಂಡನ ಭಾಷಣ ಕೇಳಿದರು. ಹಿಂದಿನ ಬಾಗಿಲನ್ನು ನನ್ನ ಗಂಡ ಮೊದಲೇ ಎಳೆದು ಹಾಕಿದ್ದರು. ಬಂದವರಲ್ಲಿ ಒಬ್ಬ ಹೆಂಗಸು ಅದನ್ನು ತೆಗೆದೇಬಿಟ್ಟಳು. ಆಳಿನ ಕೋಣೆಯ ಮುಂದೆ, ಬಿಸಿಲಲ್ಲಿ, ಬೆಂಚಿನ ಮೇಲೆ ಅಮ್ಮ ಕಿತ್ತಳೆ ಸುಲಿಯುತ್ತಿದ್ದಳು.

"ಇಲ್ಲಿ, ಆ ಕಾಲದಲ್ಲಿ, ಆಳುಗಳಿರುತ್ತಿದ್ದರು" ಎಂದು ಇಂಗ್ಲಿಷಿನಲ್ಲಿ ಗೊಣಗಿದರು ನನ್ನ ಗಂಡ.

"ಈಗ?" ಎಂದಳು ಆಕೆ.

ಅಮ್ಮ ತಲೆಯೆತ್ತಿ, ಟೀಚರಮ್ಮನ ಸ್ಪಷ್ಟ ದನಿಯಲ್ಲಿ, "ಮದರ್ ಇನ್ ಲಾ" ಎಂದಳು.

ಬಂದವರು ಗೊಳ್ಳೆಂದು ನಕ್ಕರು. ಕುರ್ಚಿ ಎಳೆದು ತಂದು ಎಲ್ಲರೂ ಬಿಸಿಲಿಗೇ ಕೂತರು.

ಮರುದಿನ ನನ್ನ ಗಂಡ ಕಂಬಳಿ ಹೊದ್ದು ಹಾಲಿನಲ್ಲಿ ಒಬ್ಬರೇ ಮುಖ ಗಂಟಿಕ್ಕಿ ಕೂತಿದ್ದರು. "ನಿಮ್ಮಮ್ಮ ನನ್ನ ಮರ್ಯಾದೆ ತೆಗೆದ್ರು" ಅಂದರು. ಅದನ್ನು ಹಾಗೇ ಅಮ್ಮನಿಗೆ ಒಪ್ಪಿಸಿದೆ.

"ನಾನು ಹುಡುಗಿಯಾಗಿದ್ದಾಗ, ದೊರೆಗಳ ಕಾಲದಲ್ಲಿ, ನಮ್ಮಂಥ ಇಂಡಿಯನ್ನರಿಗೆ ಈ ಕಡೆ ಮನೇನೇ ಕೊಡ್ತಿರ್ಲಿಲ್ಲ ಕಣೆ" ಎಂದಳು ಅಮ್ಮ. "ನಮ್ಮಪ್ಪ ಇಂಥದೇ ಮನೆಗೆ ಪಾಠ ಹೇಳೋಕೆ ಬಂದ್ರೆ ಹಿಂದಿನ ಬಾಗಿಲಿಂದ ಬರ್ಬೇಕಿತ್ತು. ಅಳಿಯಂದಿರು ಅಲ್ಲಿ ನಡುಗ್ತಾ ಕೂತು ಯಾರ ಮರ್ಯಾದೆ ಕಾಯ್ತಿದ್ದಾರೆ, ಕೇಳು."

ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಗಂಡ ಕಾಫಿ ಲೋಟ ಹಿಡಿದು ಓಣಿ ದಾಟಿ ಬಂದರು. ಅಮ್ಮ ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು. ಬೆನ್ನು ಬೆಚ್ಚಗಾದದ್ದೇ ತಡ, ಈ ಕೋಣೆಯ ವಿನ್ಯಾಸ ಎಷ್ಟು ಅದ್ಭುತ ಎಂದು ಅವಳಿಗೇ ಪಾಠ ಶುರು ಮಾಡಿದರು. ಅಮ್ಮ ಒಂದು ಸಲವೂ ಕೆಮ್ಮದೆ ಪೂರ್ತಿ ಕೇಳಿಸಿಕೊಂಡಳು.