ರೀನಾಳ ಎರಡು ವರ್ಷ

ಮೊನ್ನೆ ಪಾರ್ಸಲ್ ಬಿಚ್ಚಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ತೆಳ್ಳಗಿನ ಪುಸ್ತಕವೇ? ಈ ಇಂಗ್ಲಿಷ್ ಕಾದಂಬರಿ ಮಾಲೆಯ ಹಳೆಯ ಸಂಪುಟಗಳನ್ನು ತಲೆದಿಂಬಿನ ಬದಲು ಇಟ್ಟುಕೊಂಡು ಮಲಗಬಹುದಿತ್ತು. ನಾನು ಮಲಗಿದ್ದೂ ಉಂಟು. ಇದು ನಮ್ಮ ಚರ್ಚಿನ ಹಾಡಿನ ಪುಸ್ತಕಕ್ಕಿಂತ ಸಣ್ಣದು. ಮೂರನೆಯ ಸಂಪುಟಕ್ಕೂ ನಾಲ್ಕನೆಯದಕ್ಕೂ ನಡುವೆ ನಡೆದ ಕತೆಯಂತೆ. ಎಲ್ಲ ಮುಗಿದು, ಓದಿದವರ ಮೂಗಿನ ಮೇಲೆ ಚಾಳೀಸು ಬಂದು ಕೂತ ಮೇಲೆ, ನಡುವೆ ಏನೋ ಬಿಟ್ಟೆವಲ್ಲ ಎಂದು ಬರೆದವರಿಗೆ ನೆನಪಾಗಿದೆ.

ಹಿಂಬದಿಯ ರಟ್ಟು ಓದಿದೆ. ನಡುವಿನ ಎರಡು ವರ್ಷ ಕತೆಯ ಹುಡುಗಿ ಎಲ್ಲಿದ್ದಳು ಎಂಬುದೇ ಇದರ ಕತೆ ಎಂದಿತ್ತು. ಸಿಟ್ಟು ಅಲ್ಲಿಗೆ ನಿಂತಿತು. ಯಾಕೆಂದರೆ ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಭಾಲ್ಕಿಯಲ್ಲಿ, ಶಾಂತಾ ಅತ್ತೆಯ ಬಾಯಿಂದ.

ಶಾಂತಾ ಅತ್ತೆ ನನ್ನ ಅಪ್ಪನ ಅಕ್ಕ. ಭಾಲ್ಕಿಯ ದವಾಖಾನೆಯಲ್ಲಿ ನರ್ಸ್ ಆಗಿದ್ದಳು, ಮದುವೆ ಮಾಡಿಕೊಳ್ಳಲಿಲ್ಲ. ಕಾಲೇಜು ಓದುವಾಗ ನಾನು ಇದ್ದದ್ದು ಅವಳ ಮನೆಯಲ್ಲಿ. ಕಾಲೇಜಿನ ಇಂಗ್ಲಿಷ್ ಮೇಡಂ ನನಗೆ ಈ ಮಾಲೆಯ ರುಚಿ ಹಚ್ಚಿದರು. ನಡೆದಾಡುವ ಬೆಟ್ಟಗಳು, ರೆಕ್ಕೆಯ ಕುದುರೆಗಳು, ನದಿಯ ಮೇಲಿನ ಹಳೆಯ ಸೇತುವೆಯನ್ನು ಕಾಯುವ ಮುದುಕ, ಅವನ ಹಟಮಾರಿ ಮಗಳು. ಆ ಮಗಳಿಗೆ ಪುಸ್ತಕದಲ್ಲಿ ಉದ್ದನೆಯ ಹೆಸರಿತ್ತು. ಅತ್ತೆ ಅದನ್ನು ಹಿಂದೆ ಮುಂದೆ ಕತ್ತರಿಸಿ ರೀನಾ ಮಾಡಿದಳು.

ಹಗಲು ನಾನು ಓದುವುದು, ಸಂಜೆ ಅತ್ತೆ ಡ್ಯೂಟಿ ಮುಗಿಸಿ ಬಂದು ಅಕ್ಕಿ ಆರಿಸುತ್ತ ಕೂತಾಗ ಕನ್ನಡದಲ್ಲಿ ಹೇಳುವುದು. ಮೊದಲ ದಿನ ಅವಳು ಮುಖ ಸಿಂಡರಿಸಿದಳು.

"ಮಾಟ ಮಂತ್ರ ಎಲ್ಲ ಸೈತಾನನ ಕೆಲಸ ಅದ."

"ಹಂಗಿದ್ರ ಬ್ಯಾಡ ಬಿಡತ್ತಿ."

"ಬ್ಯಾಡ ಅಂದ್ನೇನು? ಸೈತಾನ ಏನೇನ್ ಮಾಡ್ತಾನ ಅನ್ನೂದು ನಮಗ ಗೊತ್ತಿರಬೇಕು. ಹೇಳು."

ಕತೆ ಕೇಳುವವರಲ್ಲಿ ಇಂಥ ತಕರಾರಿನವರು ಇನ್ನೊಬ್ಬರಿರಲಿಕ್ಕಿಲ್ಲ. ಕತ್ತಿಯೇಟು ತಿಂದ ವೀರ ಮರುದಿನವೇ ಕುದುರೆ ಏರಿದರೆ, ಧನುರ್ವಾತದ ಸೂಜಿ ಯಾರು ಹಾಕಿದರು ಎಂದು ಕೇಳುವಳು. ರೆಕ್ಕೆಯ ಕುದುರೆಗೆ ಮೇವು ಯಾವುದು? ದಂಡು ಅಷ್ಟು ದೂರ ನಡೆದು ಹೋಯಿತಲ್ಲ, ರೊಟ್ಟಿ ಬಡಿದವರು ಯಾರು? ನನಗೂ ಗೊತ್ತಿರುತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಡುತ್ತಿದ್ದೆ. ಮಾಲೆಯ ಎಷ್ಟು ಭಾಗ ಅಚ್ಚಾದದ್ದು, ಎಷ್ಟು ಭಾಗ ನನ್ನದು ಎಂದು ಈಗ ವಿಂಗಡಿಸಲು ಕೂತರೆ ನಾನೇ ಸೋಲುತ್ತೇನೆ.

ಮೂರನೆಯ ಸಂಪುಟದ ಕೊನೆಗೆ ರೀನಾ ಅಪ್ಪನ ಕೂಡ ಜಗಳಾಡಿ, ನೆರೆ ಬಂದ ಹೊತ್ತಿನಲ್ಲಿ ಸೇತುವೆ ದಾಟುತ್ತಾಳೆ. ಸೇತುವೆ ಕುಸಿಯುತ್ತದೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ನಾಲ್ಕನೆಯದು ಇನ್ನೂ ಬಂದಿರಲಿಲ್ಲ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅತ್ತೆ ಅಳಲಿಲ್ಲ. ಮೊರದ ತುಂಬ ಅಕ್ಕಿ ಹಾಗೇ ಬಿಟ್ಟು ಒಳಗೆ ಹೋದಳು.

ಆ ವಾರ ಮನೆ ಪ್ರಾರ್ಥನೆ ನಮ್ಮಲ್ಲಿತ್ತು. ನಿಮಗೆ ಈ ಪದ್ಧತಿ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸಭೆಯವರು ಕೂಡುತ್ತಾರೆ. ಹಾಡು ಮುಗಿದ ಮೇಲೆ ಪಾಸ್ಟರು, "ಯಾರ ಸಲುವಾಗಿ ಕೇಳಬೇಕ್ರಿ?" ಅನ್ನುತ್ತಾರೆ. ಒಬ್ಬರು ಮಗಳ ಹೆರಿಗೆ ಹೇಳುತ್ತಾರೆ, ಒಬ್ಬರು ತಮ್ಮ ಮೊಣಕಾಲು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ, ಹೆಸರು ಹಿಡಿದು ಬೇಡಿಕೊಳ್ಳುತ್ತಾರೆ. ಹೆಸರು ಹಿಡಿಯುವುದೇ ಮುಖ್ಯ. ಅವತ್ತು ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು: "ರೀನಾ ಅಂತ ಒಂದು ಹುಡುಗಿ ಅದಾಳ್ರಿ. ಅಪ್ಪನ ಕೂಡ ಜಗಳಾಡಿ ಮನಿ ಬಿಟ್ಟು ಹೋಗ್ಯಾಳ. ಎಲ್ಲಿ ಅದಾಳೋ, ಏನ್ ಉಣ್ತಾಳೋ ಗೊತ್ತಿಲ್ಲ."

ನಾನು ದುಪಟ್ಟಾ ಬಾಯಿಗೆ ತುರುಕಿಕೊಂಡೆ. ನೀವೂ ನಗುತ್ತೀರಿ, ನಗಿರಿ. ಹೆಂಗಸರು ಮಾತ್ರ ಕಣ್ಣೀರು ಹಾಕಿ ಪ್ರಾರ್ಥಿಸಿದರು. ಮುಂದಿನ ವಾರ, ಅದರ ಮುಂದಿನ ವಾರ, ರೀನಾಳ ಹೆಸರು ತಪ್ಪಲಿಲ್ಲ. ಬಾಜೂ ಮನೆಯ ರೂತಮ್ಮ ನನ್ನನ್ನು ಹಿಡಿದು ನಿಲ್ಲಿಸಿ, "ಸಿಕ್ಳೇನವ್ವಾ ಆ ಹುಡುಗಿ? ಯಾರ ಪೈಕಿ ಆಕಿ?" ಎಂದಳು. ದೂರದ ಸಂಬಂಧ ಎಂದು ಹೇಳಿ ಪಾರಾದೆ.

ಅತ್ತೆಯನ್ನು ಕೇಳಿಯೂ ಕೇಳಿದೆ. "ಕತಿಯಾಗಿನ ಹುಡುಗಿ ಆಕಿ. ದೇವರಿಗೆ ಬ್ಯಾರೆ ಕೆಲಸ ಇಲ್ಲೇನತ್ತಿ?"

"ಯಾರ ಸಲುವಾಗಿ ಕೇಳಲತ್ತೇನಿ ಅಂತ ದೇವರಿಗೆ ಗೊತ್ತದ. ನೀ ಸುಮ್ಮಿರು."

ನಾಲ್ಕನೆಯ ಸಂಪುಟ ಬರುವ ಹೊತ್ತಿಗೆ ನಾನು ಔರಾದ ತಾಲೂಕಿನ ಚಿಂತಾಕಿಯಲ್ಲಿ ಶಿಕ್ಷಕಿಯಾಗಿದ್ದೆ. ಪುಸ್ತಕ ಚೀಲದಲ್ಲಿ ಹಾಕಿಕೊಂಡು ಬಸ್ಸು ಬದಲಿಸುತ್ತ ಭಾಲ್ಕಿಗೆ ಓಡಿದೆ. "ರೀನಾ ಬಂದಾಳತ್ತಿ. ಎರಡು ವರ್ಷ ಆದ ಮ್ಯಾಲ ತಾನೇ ಬಂದು ಬಾಗಿಲಾಗ ಕುಂತಾಳ." ಅತ್ತೆಯ ಮುಖ ಅರಳಿತು, ಮರುಗಳಿಗೆಯೇ ಗಂಟು ಬಿತ್ತು. "ಬಂದದ್ದು ಖರೆ. ನಡುವ ಎಲ್ಲಿದ್ಲು? ಏನ್ ಉಂಡ್ಲು? ಯಾರ್ ನೋಡಿಕೊಂಡ್ರು?" ಅದನ್ನು ಬರೆದಿಲ್ಲ ಎಂದೆ. "ಹಂಗ ಹ್ಯಾಂಗ ಬಿಡ್ತಾರ?" ಎಂದಳು. ಮುಂದಿನ ಯುದ್ಧ, ಪಟ್ಟಾಭಿಷೇಕ ಯಾವುದೂ ಅವಳಿಗೆ ಬೇಕಾಗಲಿಲ್ಲ. ವಿಚಿತ್ರವೆಂದರೆ ಪ್ರಾರ್ಥನೆಯಲ್ಲಿ ರೀನಾಳ ಹೆಸರು ಹೇಳುವುದನ್ನು ಬಿಡಲೂ ಇಲ್ಲ. ಬಂದಾಳಲ್ಲ ಅತ್ತಿ, ಇನ್ಯಾಕ ಅಂದರೆ, "ಇರ್ಲಿ" ಅನ್ನುವಳು.

ಅಪ್ಪನಿಗೆ ಒಬ್ಬ ತಂಗಿಯೂ ಇದ್ದಳು. ಎಲ್ಲರಿಗಿಂತ ಸಣ್ಣವಳು, ಪ್ರೇಮಾ. ನಾನು ಹುಟ್ಟುವ ಮೊದಲೇ ಒಬ್ಬ ಮರಾಠಿ ಹುಡುಗನ ಜೊತೆ ಹೋದವಳು. ಅವಳ ಹೆಸರು ಈ ಮನೆಯಲ್ಲಿ ಯಾರೂ ಎತ್ತಬಾರದು ಎಂದು ಅಜ್ಜ ಅಪ್ಪಣೆ ಮಾಡಿದ್ದ. ಅಜ್ಜ ಸತ್ತ ಮೇಲೂ ಯಾರೂ ಎತ್ತಲಿಲ್ಲ, ರೂಢಿಯಾಗಿಬಿಟ್ಟಿತ್ತು. ನಾನು ಆ ಹೆಸರು ಮೊದಲು ಕೇಳಿದ್ದೇ ಅವಳ ಸಾವಿನ ಸುದ್ದಿಯಲ್ಲಿ. ದವಾಖಾನೆಗೆ ಬಂದ ಕಮಲನಗರದ ಹೆಂಗಸೊಬ್ಬಳು ಮಾತಿನ ನಡುವೆ ಅತ್ತೆಗೆ ಹೇಳಿದಳಂತೆ. ಅಷ್ಟು ವರ್ಷ ಪ್ರೇಮಾ ಇದ್ದದ್ದು ಕಮಲನಗರದಲ್ಲೇ. ಅತ್ತೆ ಒಬ್ಬಳೇ ಹೋಗಿಬಂದಳು, ಅಲ್ಲಿಯ ಮಾತು ಯಾರ ಮುಂದೆಯೂ ಎತ್ತಲಿಲ್ಲ. ಆಮೇಲೆ ರೀನಾಳ ಹೆಸರೂ ಪ್ರಾರ್ಥನೆಯಲ್ಲಿ ನಿಂತುಹೋಯಿತು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಮುದುಕಿಗೆ ಕತೆ ಮರೆತುಹೋಯಿತು ಅಂದುಕೊಂಡಿದ್ದೆ.

ಹೋದ ರವಿವಾರ ಈಗ ನಾನಿರುವ ಮೈಲೂರಿನ ಮನೆಯಿಂದ ಆ ತೆಳ್ಳನೆಯ ಪುಸ್ತಕ ಹಿಡಿದು ಭಾಲ್ಕಿಗೆ ಹೋದೆ. ಅತ್ತೆಗೆ ಈಗ ನಡೆಯಲು ಕೋಲು ಬೇಕು, ಕಿವಿ ಮಾತ್ರ ಚುರುಕಾಗಿದೆ. "ರೀನಾ ಎಲ್ಲಿದ್ಲು ಅಂತ ಬರದಾರತ್ತಿ" ಎಂದು ಉತ್ಸಾಹದಿಂದ ಶುರು ಮಾಡಿದೆ. ಸೇತುವೆ ಕುಸಿದಾಗ ಅವಳು ಆಚೆ ದಂಡೆ ಮುಟ್ಟಿದ್ದಳು. ಅಪ್ಪ ಸಮುದ್ರದವರೆಗೆ ಆಳು ಕಳಿಸಿ ಹುಡುಕಿಸಿದ. ಅವಳು ಇದ್ದದ್ದು ಎದುರಿನ ಊರಿನಲ್ಲಿ, ದೋಣಿಯವರಿಗೆ ಅಡುಗೆ ಮಾಡಿಕೊಂಡು. ಸಂತೆಯ ದಿನ ಹೊಳೆಯ ದಂಡೆಗೆ ಬಂದು ತನ್ನ ಮನೆಯ ಹೊಗೆ ನೋಡಿ ತಿರುಗಿ ಹೋಗುತ್ತಿದ್ದಳು. ಕರೆದರೆ ಬರುತ್ತಿದ್ದಳು.

ಅತ್ತೆ ಪುಸ್ತಕದ ಮೇಲೆ ಕೈ ಇಟ್ಟಳು. "ಬಾಜೂ ಊರಾಗ ಇದ್ಲಾ?"

"ಹೂಂ."

"ರೈಲಾಗ ಕುಂತ್ರ ಕಮಲನಗರ ಎಷ್ಟು ದೂರ ಅದ? ಉದಗೀರಕ್ಕ ಹೋಗುಮುಂದ ಎಷ್ಟು ಸಲ ಆ ಸ್ಟೇಷನ್ ದಾಟೇನಿ ನಾನು."

ಆಗ ನನಗೆ ತಿಳಿಯಿತು. ಸಮಾಧಾನ ಹೇಳಬೇಕೆಂದು, "ಈಗ ಬ್ಯಾಡ ಅನ್ನವರು ಯಾರದಾರತ್ತಿ? ಈ ವಾರ ಪ್ರಾರ್ಥನಿಯಾಗ ನಿನ್ನ ತಂಗಿ ಹೆಸರೇ ಹೇಳು" ಎಂದೆ.

"ಸತ್ತವರ ಸಲುವಾಗಿ ನಮ್ಮಲ್ಲಿ ಪ್ರಾರ್ಥನಿ ಮಾಡ್ತಾರೇನು, ಹುಚ್ಚಿ?" ಎಂದಳು ಅತ್ತೆ. "ಜೀವ ಇದ್ದಾಗ ಹೇಳೂದಿತ್ತು. ಮಂದಿ ಅಷ್ಟು ಅತ್ರು. ರೀನಾನ ಹೆಸರಿಗೆ ಅತ್ರು."

ನಾನು ಪುಸ್ತಕ ಬದಿಗಿಟ್ಟೆ. "ಪ್ರೇಮತ್ತಿ ಹ್ಯಾಂಗಿದ್ಲು?" ಎಂದು ಕೇಳಿದೆ. ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲಿರಬೇಕು. ಅತ್ತೆ ಹೇಳತೊಡಗಿದಳು. ಪ್ರೇಮಾ ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ತಪ್ಪಾಗಿ ಹಾಡುತ್ತಿದ್ದಳು. ಹುಣಸೆಕಾಯಿ ತಿಂದು ಹಲ್ಲು ಚುಳ್ಳೆಂದು ಅಳುತ್ತಿದ್ದಳು, ಮರುದಿನ ಮತ್ತೆ ತಿನ್ನುತ್ತಿದ್ದಳು. ಅಜ್ಜನಿಗೆ ಎದುರು ಮಾತಾಡುವವಳು ಅವಳೊಬ್ಬಳೇ. ಹೋಗುವ ದಿನ ಬೆಳಿಗ್ಗೆ ಅಕ್ಕನ ತಲೆ ಬಾಚಿ, ಜಡೆ ಹಾಕಿ, ಬರ್ತೇನಿ ಅಕ್ಕಾ ಎಂದು ಹೊರಗೆ ನಡೆದಳಂತೆ. ಅತ್ತೆ ಅಷ್ಟಕ್ಕೆ ನಿಲ್ಲಿಸಿದಳು. "ಮುಂದ?" ಎಂದೆ.

"ಮುಂದಿಂದು ನನಗ ಗೊತ್ತಿಲ್ಲವ್ವಾ" ಎಂದಳು.