ಎಡಗೈಯ ಎಕ್ಸಲೇಟರ್

ಅವರು ಕೈಮುಗಿದರೆ ಎರಡು ಅಂಗೈ ಕೂಡುತ್ತಿರಲಿಲ್ಲ. ಎಡಗೈ ನೆಟ್ಟಗೆ ನಿಲ್ಲುತ್ತಿತ್ತು, ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗೆ ಬಿಗಿದುಕೊಂಡು ಅದರ ಪಕ್ಕಕ್ಕೆ ಒರಗುತ್ತಿತ್ತು. ಆ ಕೈ ಹಿಡಿಯುತ್ತಿತ್ತು, ಎತ್ತುತ್ತಿತ್ತು, ಬರೆಯುತ್ತಿತ್ತು; ತಿರುಗುತ್ತಿರಲಿಲ್ಲ. ಮಾನವಿಯಲ್ಲಿ ಎಲ್ಲರೂ ಅವರನ್ನು ನರ್ಸಬಾಯಿ ಎನ್ನುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ನಾನು ಅಲ್ಲಿ ಶಾಲಾ ಮಾಸ್ತರ, ಅವರ ಎದುರು ಮನೆಯ ಬಾಡಿಗೆದಾರ.

ದೇವದುರ್ಗದ ಕಡೆಯ ಕುರಿ ಕಾಯುವ ಮನೆತನ ಅವರದು. ಹೆರಿಗೆ ಮಾಡಿಸುವುದನ್ನು ಅಪ್ಪನ ಹಿಂಡಿನಲ್ಲೇ ಕಲಿತೆ, ಸರಕಾರದವರು ಕಲಿಸಿದ್ದು ಸಾಬೂನು ಹಚ್ಚುವುದನ್ನಷ್ಟೇ ಎಂದು ನಗುತ್ತಿದ್ದರು. ಆ ಸಾಬೂನಿಗೆ ಒಂದು ತಗಡಿನ ಡಬ್ಬಿ ಇತ್ತು, ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಹೆರಿಗೆ ಮನೆಯಲ್ಲಿ ಗಂಡಸು ಸುಮ್ಮನೆ ಕೂತದ್ದು ಕಂಡರೆ ಸಿಟ್ಟು. ನೀರು ತರಲು ಓಡಿಸುತ್ತಿದ್ದರು, ನೀರು ತುಂಬಿದ್ದರೆ ಅಂಗಳದ ಕೋಳಿ ಅಟ್ಟಲು ಹಚ್ಚುತ್ತಿದ್ದರು. ಕೂಸು ಅಳುವ ತನಕ ಆ ಮನೆಯ ಚಹಾ ಮುಟ್ಟುತ್ತಿರಲಿಲ್ಲ. ಅವಸರ ಮಾಡುವ ಅತ್ತೆಯರಿಗೆ ಅವರದು ಒಂದೇ ಮಾತು: "ಎಳೀಬ್ಯಾಡ್ರಿ, ಬರಗೊಡ್ರಿ."

ಅವರ ಹತ್ತಿರ ಒಂದು ಮೊಪೆಡ್ ಇತ್ತು. ಸೈಕಲ್ಲಿಗೆ ಸಣ್ಣ ಇಂಜಿನ್ನು ಕೂಡಿಸಿದಂಥ ಗಾಡಿ; ಪೆಟ್ರೋಲು ತೀರಿದರೆ ಪೆಡಲ್ ತುಳಿಯಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲ ಹಿಂದೆ ಕಟ್ಟಿ, ಕಾಲುವೆಯ ದಂಡೆ ಹಿಡಿದು ಸಿರವಾರದ ಕಡೆಯ ಕ್ಯಾಂಪುಗಳ ತನಕ, ಆಂಧ್ರದಿಂದ ಬಂದು ಭತ್ತ ಬೆಳೆಯುವವರ ಬಿಡಾರಗಳ ತನಕ, ಹೋಗುತ್ತಿದ್ದರು. ಆ ಸದ್ದು ದೂರದಲ್ಲಿ ಕೇಳಿದರೆ ಸಾಕು, ಕ್ಯಾಂಪಿನ ತೆಲುಗರು ಒಲೆಯ ಮೇಲೆ ನೀರಿಡುತ್ತಿದ್ದರು.

ಭತ್ತ ಕೊಯ್ಯುವ ದಿನಗಳಲ್ಲಿ ಎಮ್ಮೆಯೊಂದು ಅಡ್ಡ ಬಂದು ಅವರು ಕಾಲುವೆ ದಂಡೆಯ ಮೇಲೆ ಬಿದ್ದರು. ಗಾಡಿಯ ಎಕ್ಸಲೇಟರಿನ ಹಿಡಿ ಒಡೆಯಿತು, ಬಲಗೈಯ ಎಲುಬೂ ಮುರಿಯಿತು. ಡಾಕ್ಟರು ಕೈಗೆ ಪ್ಲಾಸ್ಟರ್ ಕಟ್ಟಿದರು. ಅದು ಕಟ್ಟಿ ವಾರವೂ ಆಗಿರಲಿಲ್ಲ, ನನ್ನ ಹೆಂಡತಿಗೆ ನೋವು ಶುರುವಾಯಿತು. ಡಾಕ್ಟರು ರಾಯಚೂರಿಗೆ ಹೋಗಿದ್ದರು. ನರ್ಸಬಾಯಿ ಪ್ಲಾಸ್ಟರಿನ ಕೈ ಎದೆಗೆ ಒತ್ತಿಕೊಂಡು ಬಂದು ನೋಡಿದರು. ಕೂಸು ಅಡ್ಡವಾಗಿತ್ತು, ತಿರುಗಿಸಲು ಎರಡೂ ಕೈ ಬೇಕಿತ್ತು. ಹೊರಗೆ ಬಂದು ನನ್ನ ಹೆಂಡತಿಯ ಹೊಲಿಗೆಯ ಕತ್ತರಿ ಕೇಳಿದರು. ಬಿಸಿನೀರಿನ ಕೊಪ್ಪರಿಗೆಯಲ್ಲಿ ಕೈ ಅದ್ದಿ, ಮೆತ್ತಗಾದ ಪ್ಲಾಸ್ಟರನ್ನು ಎಡಗೈಯಿಂದ ತಾವೇ ಕತ್ತರಿಸತೊಡಗಿದರು. ನಾನು ಬೇಡವೆನ್ನಲು ಬಾಯಿ ತೆರೆದೆ.

"ಮಾಸ್ತರ, ಕೈ ಆಮ್ಯಾಲೆ ನೋಡೋಣು. ನೀವು ಕೋಳಿ ಅಟ್ಟಾಕ ಹೋಗ್ರಿ."

ನನ್ನ ಮಗಳು ಹುಟ್ಟಿದಳು. ಡಾಕ್ಟರು ಬಂದು ಬೈದು ಮತ್ತೆ ಪ್ಲಾಸ್ಟರ್ ಕಟ್ಟಿದರು, ಆದರೆ ಎಲುಬು ಸೊಟ್ಟಗೆ ಕೂಡಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ತಿಳಿಯಿತು: ಅವರ ಬಲಗೈ ಇನ್ನು ಮೊಪೆಡ್ಡಿನ ಎಕ್ಸಲೇಟರ್ ತಿರುವಲಾರದು. ಮೇಲಿನವರು ಯುಗಾದಿಯ ತನಕ ಸಮಯ ಕೊಟ್ಟರು. ಅಷ್ಟರೊಳಗೆ ಹಳ್ಳಿಗಳಿಗೆ ಓಡಾಡುವುದು ಆಗದಿದ್ದರೆ ರಾಯಚೂರಿನ ದೊಡ್ಡ ದವಾಖಾನೆಯಲ್ಲಿ ಕುರ್ಚಿಯ ಕೆಲಸ. "ನಾ ಕುರ್ಚಿ ಕಾಯಾಕ ನರ್ಸ್ ಆಗಿಲ್ಲ" ಎಂದರು. ಎಕ್ಸಲೇಟರನ್ನು ಎಡಕ್ಕೆ ಕೂಡಿಸುವುದೊಂದೇ ದಾರಿ. ಆ ಕೆಲಸಕ್ಕೆ ನಾನು ಬೆನ್ನು ಹತ್ತಿದೆ. ಹತ್ತದಿದ್ದರೆ ತೊಟ್ಟಿಲ ಮುಂದೆ ಹೇಗೆ ನಿಲ್ಲಲಿ?

ಒಂದು ಹಿಡಿ, ಒಂದು ತಂತಿ, ಎರಡು ಸ್ಕ್ರೂ. ಇಷ್ಟಕ್ಕೆ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಮಾನವಿಯ ಗಾಡಿ ರಿಪೇರಿಯ ಮೇಸ್ತ್ರಿ ಗಾಡಿಯನ್ನೂ ಬಾಯಾರನ್ನೂ ನೋಡಿ ತಲೆಯಾಡಿಸಿದ.

"ಎಕ್ಸಲೇಟರ್ ಅಂಬೂದು ಬಲಗೈದು ರೀ ಬಾಯಾರ. ಎಡಕ್ಕ ಕೂಡಿಸಂತೀರಿ, ನಾಳಿ ಊಟಾನೂ ಎಡಗೈಲೆ ಅಂತೀರಿ."

"ನಾ ಹೆಂಗರ ಉಣ್ತೀನಿ. ನೀ ಕೂಡಿಸು."

ಹೊಸ ಹಿಡಿಗಾಗಿ ನಾನು ರಾಯಚೂರಿಗೆ ಹೋದೆ. ಸ್ಟೇಷನ್ ರಸ್ತೆಯ ಸಾಮಾನಿನ ಅಂಗಡಿಯಲ್ಲಿ ಎಡಗೈದು ಬೇಕೆಂದಾಗ ಅಂಗಡಿಯಾತ ಪಕ್ಕದ ಅಂಗಡಿಯವರನ್ನು ಕರೆದು ನನ್ನನ್ನು ತೋರಿಸಿದ. "ಮಾಸ್ತರಸಾಬ್, ಗಾಡಿ ಮ್ಯಾಲ ಉಲ್ಟಾ ಕೂಡ್ರಿ, ತಾನ ಎಡಕ್ಕ ಬರ್ತದ" ಎಂದ. ಎಲ್ಲರೂ ನಕ್ಕರು. ಬಲಗೈಯದನ್ನೇ ಕೊಂಡು ತಂದೆ.

ಮೇಸ್ತ್ರಿ ಬೈದುಕೊಳ್ಳುತ್ತ ಅದನ್ನೇ ಎಡಕ್ಕೆ ಕೂಡಿಸಿದ. ಆಗ ಹೊಸ ಪೀಡೆ. ಬಲದಲ್ಲಿದ್ದಾಗ ಹಿಂದಕ್ಕೆ ತಿರುವಿದರೆ ಓಡುವ ಗಾಡಿ, ಎಡಕ್ಕೆ ಬಂದ ಮೇಲೆ ಮುಂದಕ್ಕೆ ತಿರುವಿದರೆ ಓಡುತ್ತಿತ್ತು. ಅದು ಹೋಗಲಿ, ತಂತಿಯೂ ಗಿಡ್ಡ. ಅದನ್ನು ಹ್ಯಾಂಡಲ್ಲಿನ ಆಚೆ ತುದಿಯ ತನಕ ಎಳೆದು ಬಿಗಿದಿದ್ದರಿಂದ, ಬಲಕ್ಕೆ ಹೊರಳಿದರೆ ತಂತಿ ಜಗ್ಗಿ ಗಾಡಿ ತಾನೇ ಓಟ ಕೀಳುತ್ತಿತ್ತು. ಇದು ತಿಳಿದದ್ದು ನಾನು ಅದನ್ನು ಹತ್ತಿ ನೋಡಿದ ದಿನ. ಡಾಂಬರು ರಸ್ತೆಯ ಮೇಲೆ ಒಬ್ಬ ಮುದುಕಿ ಭತ್ತ ಒಣಹಾಕಿದ್ದಳು. ತಪ್ಪಿಸಲೆಂದು ಬಲಕ್ಕೆ ಹೊರಳಿಸಿದೆ, ಗಾಡಿ ಗುರ್ರೆಂದು ನನ್ನನ್ನು ಹೊತ್ತು ಆ ಕಡೆ ಹರವಿದ್ದ ಅವಳದೇ ಭತ್ತದೊಳಗೆ ನುಗ್ಗಿತು. ಮುದುಕಿ ನನಗೆ ಮಾಡಿದ ಮಂಗಳಾರತಿ ಶಾಲೆಯ ಹುಡುಗರ ಬಾಯಲ್ಲಿ ತಿಂಗಳುಗಟ್ಟಲೆ ಓಡಾಡಿತು. ಅಂಗಿಯ ಜೇಬಿನಲ್ಲೂ ಭತ್ತ. ಆ ಸಂಜೆ ಗಾಡಿಗೆ ಒದ್ದೆ. ಅದು ಬಿತ್ತು, ಎತ್ತಿ ನಿಲ್ಲಿಸಬೇಕಾದವನೂ ನಾನೇ.

ಉದ್ದನೆಯ ತಂತಿ ಮಾನವಿಯಲ್ಲಿಲ್ಲ, ರಾಯಚೂರಿನಲ್ಲೂ ಸಿಗಲಿಲ್ಲ. ಕೊನೆಗೆ ದೇವದುರ್ಗದಲ್ಲಿ ಗುಜರಿಗೆ ಬಿದ್ದ ಸ್ಕೂಟರಿನದೊಂದು ಸಿಕ್ಕಿತು. ತಂದರೆ ಅದರ ತುದಿಯ ಸೀಸದ ಗುಂಡು ದಪ್ಪ, ಹಿಡಿಯ ಕಚ್ಚಿನಲ್ಲಿ ಕೂಡುವುದಿಲ್ಲ. ಮೇಸ್ತ್ರಿ ಅರದಿಂದ ಉಜ್ಜಿದ. ಗುಂಡು ಕಳಚಿ ಬಿತ್ತು. ಅವನು ಪಾನಾ ಎಸೆದು ಊಟಕ್ಕೆ ಹೋದವನು ಮರುದಿನವೂ ಬರಲಿಲ್ಲ. ಬೆಸುಗೆಗೆ ಕಲಾಯಿಯವನ ಕಾಲು ಹಿಡಿದೆ. ಅವನ ಬೆಸುಗೆ ಮೊದಲ ಸಲ ಬಿಟ್ಟಿತು, ಎರಡನೆಯ ಸಲ ವಾರ ತಡೆದು ಸಂತೆಯ ನಡುವೆ ಬಿಟ್ಟಿತು. ಯುಗಾದಿ ಹತ್ತಿರ ಬರುತ್ತಿತ್ತು. ಬಾಯಾರು ಕ್ಯಾಂಪುಗಳಿಗೆ ಎತ್ತಿನ ಗಾಡಿ ಹತ್ತಿ ಹೋಗುತ್ತಿದ್ದರು, ಒಮ್ಮೆ ಮುಟ್ಟುವಷ್ಟರಲ್ಲಿ ಕೂಸು ಹುಟ್ಟಿ ತಣ್ಣಗಾಗಿತ್ತು. ಆ ದಿನ ಅವರು ಯಾರನ್ನೂ ಬೈಯಲಿಲ್ಲ. ನನ್ನ ಎದುರಿಗೆ ಬಂದು ನಿಂತು, "ಮಾಸ್ತರ, ತಂತಿ ಎಲ್ಲಿಗೆ ಬಂತು?" ಎಂದಷ್ಟೇ ಕೇಳಿದರು.

ಮೂರನೆಯ ಬೆಸುಗೆ ನಿಂತಿತು. ಮೇಸ್ತ್ರಿಯ ಮನಸ್ಸೂ ಕರಗಿ, ಹಿಡಿಯನ್ನು ಕೊರೆದು ತಂತಿಯನ್ನು ಆಚೆ ಬದಿಯಿಂದ ಸುತ್ತಿದರೆ ಹಿಂದಕ್ಕೆ ತಿರುವುವ ಹಾಗೆ ಮಾಡಬಹುದೇನೋ ಎಂದ. ಬಾಯಾರು ಬೇಡವೆಂದರು. "ಮುಂದ ಹೋಗಾಕ ಮುಂದ ತಿರುವೂದು. ಇದ ಸರಿ ಅದ." ಎರಡು ಸುತ್ತು ಹೊಡೆದರು, ಎರಡು ಸಲವೂ ನಿಲ್ಲಿಸುವಾಗ ಮೈ ಮುಂದೆ ವಾಲಿ ಗಾಡಿ ಜಿಗಿಯಿತು. ನಾನು ಹಿಂದೆ ಓಡುತ್ತ ಜಗ್ಗಿ ಹಿಡಿಯಿರಿ ಎಂದು ಕೂಗುತ್ತಿದ್ದೆ. ಅವರು ನಿಂತು, ಎಡಗೈ ಸಡಿಲಿಸಿ, ನನ್ನನ್ನು ಅತ್ತೆಯರನ್ನು ನೋಡುವ ಹಾಗೆ ನೋಡಿ, "ಎಳೀಬಾರದು ಮಾಸ್ತರ, ಬರಗೊಡಬೇಕು" ಎಂದರು. ಮೂರನೆಯ ಸುತ್ತಿಗೆ ಕಾಲುವೆಯ ದಂಡೆ ಹತ್ತಿ ಹೊರಟೇ ಹೋದರು.

ಆಮೇಲೆ ಆ ಗಾಡಿಯನ್ನು ಕಡ ಕೇಳುವವರೇ ಇಲ್ಲವಾದರು. ದವಾಖಾನೆಯ ಕಂಪೌಂಡರ್ ಒಮ್ಮೆ ಒಯ್ದು ತಿಪ್ಪೆಗೆ ಬಿದ್ದು ಬಂದ. ನಿವೃತ್ತಿಯ ತನಕ ಅವರೊಬ್ಬರೇ ಅದನ್ನು ಓಡಿಸಿದರು. ತಂತಿ ಹರಿದಾಗಲೆಲ್ಲ ಅದೇ ತಿರುಗಾಟ, ಅದೇ ಬೆಸುಗೆ, ನನ್ನ ಅದೇ ಬೈಗುಳ.

ಎಂಬತ್ತರ ದಶಕ ಮುಗಿಯುವಾಗ ಅವರು ರಾಯಚೂರಿನ ತಂಗಿಯ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಡವಾಗಿ ತಲುಪಿತು. ಮಗಳನ್ನು ಕರೆದುಕೊಂಡು ಹೋದೆ, ಮಣ್ಣೂ ಆಗಿಹೋಗಿತ್ತು. ಅಂಗಳದಲ್ಲಿ ಮೊಪೆಡ್ ನಿಂತಿತ್ತು. ತಂಗಿಯ ಮಗ ಅದನ್ನು ಒರೆಸುತ್ತಿದ್ದ. ನೋಡಿದರೆ ಎಕ್ಸಲೇಟರ್ ಬಲಕ್ಕಿತ್ತು.

"ಯಾವನೋ ಹುಚ್ಚ ಎಡಕ್ಕ ಕೂಡಿಸಿದ್ದ ರೀ. ಅರ್ಧಾ ತಾಸಿನ್ಯಾಗ ಸರಿ ಮಾಡಿ ಕೊಟ್ರು."

"ಆ ಹುಚ್ಚ ನಾನಪಾ" ಎಂದೆ. ಅವನು ಚೇಷ್ಟೆಯೆಂದು ತಿಳಿದು ನಕ್ಕ.

ಎಡಗಡೆಯ ಹ್ಯಾಂಡಲ್ಲಿನ ಮೇಲೆ, ಹಿಡಿ ಬಿಗಿದಿದ್ದ ಜಾಗದಲ್ಲಿ, ಬಳೆಯ ಅಗಲದ ಒಂದು ಬಿಳಿಯ ಸುತ್ತು ಉಳಿದಿತ್ತು. ಅದರ ಮೇಲೆ ಕೈಯಿಟ್ಟು ನಿಂತೆ.

"ಯಾಕ ಮುಂದಕ್ಕ ತಿರುವ್ತೀಯಪಾ? ಅದು ತಿರುಗೂದಿಲ್ಲಲ್ಲ" ಎಂದಳು ಮಗಳು.

ಬಸ್ಸು ಹತ್ತಿದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ. ಕತ್ತರಿ, ಕೊಪ್ಪರಿಗೆ, ಕೋಳಿ. ಅವಳು ತನ್ನ ಬಲಗೈಯ ಮಣಿಕಟ್ಟನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಒಳಕ್ಕೊಮ್ಮೆ, ಹೊರಕ್ಕೊಮ್ಮೆ, ಮಾನವಿ ಬರುವ ತನಕ ತಿರುಗಿಸಿ ನೋಡುತ್ತಲೇ ಇದ್ದಳು.