ನೆನೆಹಾಕಿದ ಎಲೆ

ಮೊನ್ನೆ ಗುರುವಾಯನಕೆರೆಯಲ್ಲಿ ಮೂಡುಬಿದಿರೆಯ ಬಸ್ಸು ಹತ್ತಿ ಕೂತೆ ನೋಡಿ, ಪಕ್ಕದ ಹೆಂಗಸಿನ ಮಡಿಲಲ್ಲಿದ್ದ ಚೀಲದಿಂದ ಬೀಡಿ ಎಲೆಯ ವಾಸನೆ ಬಂತು. ಒದ್ದೆ ಎಲೆ, ಹೊಗೆಸೊಪ್ಪಿನ ಪುಡಿ, ಸ್ವಲ್ಪ ಗೋಣಿ. ನನಗೆ ಅದು ಗಿರಿಜ ಚಿಕ್ಕಮ್ಮನ ವಾಸನೆ. ಅಷ್ಟರಲ್ಲಿ ಎದುರು ಸೀಟಿನವರು ಇಡೀ ಬಸ್ಸಿಗೆ ಕೇಳುವಂತೆ, "ಆ ಮೆಂಬರ್ ಹೆಂಗಸು ಕೊನೇ ಗಳಿಗೆಯಲ್ಲಿ ಆಚೆ ಪಾರ್ಟಿಗೆ ಕೈ ಎತ್ತಿದಳಂತೆ ಮಾರಾಯ್ರೆ! ಎಷ್ಟು ಸಿಕ್ಕಿತೋ?" ಎಂದರು.

ಈ ಮಾತನ್ನೂ ನಾನು ಹಿಂದೆ ಕೇಳಿದವಳೇ.

ತೊಂಬತ್ತರ ದಶಕ. ಹೊಸದಾಗಿ ಟೀಚರ್ ಆಗಿದ್ದ ನಾನು ಚಿಕ್ಕಮ್ಮನ ಮನೆಯಲ್ಲಿದ್ದೆ. ಚಿಕ್ಕಪ್ಪ ತೀರಿಹೋದ ಮೇಲೆ ಅವರು ಬೀಡಿ ಕಟ್ಟಿಯೇ ಮನೆ ನಡೆಸುತ್ತಿದ್ದರು. ಮಧ್ಯಾಹ್ನದ ಊಟ ಮುಗಿದದ್ದೇ ಬೇಲಿಯಾಚೆಯ ಐಸಮ್ಮ ಮೊರ ಹಿಡಿದು ನಮ್ಮ ಜಗಲಿಗೆ ಬರುವರು. ಆಮೇಲೆ ಇಬ್ಬರ ಬೆರಳಿಗೂ ಬಾಯಿಗೂ ಪೈಪೋಟಿ. ಅವರ ತುಳುವನ್ನು ಕನ್ನಡಕ್ಕೆ ತಂದರೆ ಅರ್ಧ ರುಚಿ ಹೋಗುತ್ತದೆ. ಆದರೂ ತರುತ್ತೇನೆ, ಕ್ಷಮಿಸಿ.

ಆ ವರ್ಷದ ಪಟ್ಟಣ ಪಂಚಾಯತಿ ಚುನಾವಣೆಯಲ್ಲಿ ಆ ಬೇಲಿಯೇ ಎರಡು ವಾರ್ಡುಗಳ ಗಡಿಯಾಯಿತು. ಎರಡೂ ಹೆಂಗಸರಿಗೆ ಮೀಸಲು. ಈಚೆಯಿಂದ ಚಿಕ್ಕಮ್ಮ ಪಕ್ಷೇತರರಾಗಿ ಗೆದ್ದರು, ಆಚೆಯಿಂದ ಐಸಮ್ಮ ಒಂದು ಪಾರ್ಟಿಯಿಂದ. ಅಧ್ಯಕ್ಷ ಸ್ಥಾನಕ್ಕೆ ನಿಂತವರು ಇಬ್ಬರು: ಐಸಮ್ಮ ಮತ್ತು ಇನ್ನೊಂದು ಪಾರ್ಟಿಯ ಹೋಟೆಲು ಧಣಿಯ ಹೆಂಡತಿ. ಎರಡೂ ಕಡೆ ಸಮಸಮ. ಚಿಕ್ಕಮ್ಮನ ಕೈ ಎತ್ತ ಏಳುತ್ತದೋ ಅತ್ತ ಗೆಲುವು.

ಧಣಿ ಮೊದಲು ಬಂದರು. ಬೆಲ್ಲ ತಿಂದು, ನೀರು ಕುಡಿದು, "ವಾರ್ಡಿಗೆ ನಳ್ಳಿ ಹಾಕಿಸ್ತೇನೆ ಅಕ್ಕ" ಎಂದರು. ದೂರದ ಬಾವಿಯಿಂದ ನೀರು ಹೊತ್ತು ಸೊಂಟ ನೋಯಿಸಿಕೊಂಡ ಚಿಕ್ಕಮ್ಮ "ಆಗಲಿ" ಎಂದುಬಿಟ್ಟರು. ಸುದ್ದಿ ಬೇಲಿ ದಾಟಿತು. ಆ ಮಧ್ಯಾಹ್ನ ಐಸಮ್ಮ ಬರಲಿಲ್ಲ. ಚಿಕ್ಕಮ್ಮ ಬೀಡಿಗಿಂತ ಹೆಚ್ಚಾಗಿ ಬೇಲಿಯನ್ನೇ ನೋಡುತ್ತ ಕೂತರು.

ಮರುದಿನ ಧಣಿಯ ಜೀಪು ಬಂತು. ಮೆಂಬರುಗಳು ಮನಸ್ಸು ಬದಲಿಸದ ಹಾಗೆ ಅಧ್ಯಕ್ಷರ ಚುನಾವಣೆವರೆಗೆ ತೀರ್ಥಯಾತ್ರೆ!

"ಎಲೆ ನೆನೆಹಾಕಿದ್ದೇನಲ್ಲ ಧಣಿ?"

"ಎಲೆ ಎಲ್ಲಿಗೆ ಓಡ್ತದೆ ಅಕ್ಕ? ಹತ್ತಿ, ಹತ್ತಿ."

ಎಲೆ ಓಡುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಬೀಡಿ ಕಂಪನಿಯ ಬ್ರಾಂಚಿನವರು ತೂಗಿ ಕೊಟ್ಟ ಎಲೆ ಹಾಳಾದರೆ ಮುಂದಿನ ವಾರ ಕೆಲಸ ಕೇಳಲು ಮುಖವಿಲ್ಲ. ಧಣಿಯ ತಪ್ಪು ಇಷ್ಟೇ: ಚಿಕ್ಕಮ್ಮನನ್ನು ಕೊಂಡುಹೋದರು, ಎಲೆಯನ್ನು ಬಿಟ್ಟುಹೋದರು.

ನಾನೇ ಕಟ್ಟುತ್ತೇನೆಂದು ಕೂತೆ. ಎಷ್ಟು ಹೊತ್ತಿಗೋ ಬೇಲಿಯ ಮೇಲಿಂದ ಒಂದು ತಲೆ ಇಣುಕಿತು.

"ಟೀಚರಮ್ಮ, ಅದು ಬೀಡಿಯಾ, ಕೆಸುವಿನೆಲೆಯ ಪತ್ರೊಡೆಯಾ? ಇತ್ತ ಕೊಡು ಮಾರಾಯ್ತಿ!"

ಮಗಳನ್ನೂ ಕರೆತಂದು ಐಸಮ್ಮ ಅಷ್ಟೂ ಎಲೆ ಮುಗಿಸಿದರು. ಏಳುವಾಗ, "ಗಿರಿಜಕ್ಕನಿಗೆ ಹೇಳ್ಬೇಡ. ಓಟಿಗೆ ಮಾಡಿದ್ದು ಅಂತ ಆಗ್ತದೆ" ಎಂದರು.

ನಾನು ಹೇಳಲಿಲ್ಲ. ಚುನಾವಣೆಯ ಬೆಳಿಗ್ಗೆ ಸೀರೆ ಬದಲಿಸಲು ಮನೆಗೆ ಬಂದ ಚಿಕ್ಕಮ್ಮ ನೇರ ಎಲೆ ಸುತ್ತಿಟ್ಟಿದ್ದ ಗೋಣಿಯ ಹತ್ತಿರ ಹೋದರು. ಮೊರದಲ್ಲಿ ಸಾಲಾಗಿ ಬೀಡಿ ಕಟ್ಟುಗಳು. ಒಂದು ಬೀಡಿ ಎತ್ತಿ ಬೆಳಕಿಗೆ ಹಿಡಿದರು. ನಾನು ಮಾಡಿನ ಹೆಂಚು ನೋಡತೊಡಗಿದೆ.

"ನೂಲು ಒಂದು ಸುತ್ತು ಹೆಚ್ಚುಂಟು. ಹೀಗೆ ಕಟ್ಟುವವಳು ಈ ಊರಿನಲ್ಲಿ ಒಬ್ಬಳೇ," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಅಂಗಳಕ್ಕಿಳಿದು, ಜೀಪಿನಲ್ಲಿ ಕಾಯುತ್ತಿದ್ದವರಿಗೆ ಹೇಳಿದರು: "ಧಣಿ, ನನ್ನ ಕೈ ನಿಮಗಿಲ್ಲ. ಈಗಲೇ ಹೇಳಿಬಿಡ್ತೇನೆ. ನಾನು ನಡೆದೇ ಬರ್ತೇನೆ."

"ಮತ್ತೆ ನಳ್ಳಿ?"

"ಅದು ಊರಿನ ನೀರಲ್ವಾ? ನೀವು ಸೋತರೆ ಬತ್ತಿಹೋಗ್ತದಾ?"

ಐಸಮ್ಮ ಅಧ್ಯಕ್ಷೆಯಾದರು. ಗಿರಿಜ ತನ್ನನ್ನು ಮಾರಿಕೊಂಡಳೆಂದು ಊರು ವರ್ಷಗಟ್ಟಲೆ ಆಡಿತು. ಚಿಕ್ಕಮ್ಮ ಯಾರಿಗೂ ಕಾರಣ ಹೇಳಲಿಲ್ಲ. ಹೇಳಿದರೆ ಐಸಮ್ಮ ಬೀಡಿ ಕಟ್ಟಿಕೊಟ್ಟು ಓಟು ಕೊಂಡಂತಾಗುತ್ತದಲ್ಲ! ನಳ್ಳಿ ಬರಲು ಬಹಳ ಕಾಲ ಹಿಡಿಯಿತು. ಐಸಮ್ಮ ಮಾತ್ರ ಮರುದಿನ ಮಧ್ಯಾಹ್ನವೇ ಬಂದರು, ಮೊರ ಹಿಡಿದುಕೊಂಡು.

ಇಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನೂ ಚಿಕ್ಕಮ್ಮನಂತೆ ಸುಮ್ಮನಿರುತ್ತಿದ್ದೆ. ಮೊನ್ನೆ ಯಾಕೋ ಆಗಲಿಲ್ಲ. ಎದುರಿನವರ ಭುಜ ಮುಟ್ಟಿ, "ಆ ಹೆಂಗಸಿನ ಮನೆಯಲ್ಲಿ ಎಲೆ ನೆನೆಹಾಕಿತ್ತಾ ಅಂತ ವಿಚಾರಿಸಿದಿರಾ?" ಎಂದು ಕೇಳಿದೆ.

ಅವರು ಕಣ್ಣು ಕಣ್ಣು ಬಿಟ್ಟರು. ಪಕ್ಕದ ಹೆಂಗಸು ಮಾತ್ರ ಚೀಲವನ್ನು ಆಚೆ ಸರಿಸಿ ನಕ್ಕಳು. "ಸರಿಯಾಗಿ ಕೂತುಕೊಳ್ಳಿ ಅಕ್ಕ, ಜಾಗ ಉಂಟು."